ಸಂಘದ ಮೇಲ್ ಇನ್ನೊಬ್ಬರ ಲಾಗಿನ್‌ನಲ್ಲಿದೆ, ನೆಟ್ ಇಲ್ಲ, ನನ್ನ ಲಾಗಿನ್‌ನಿಂದ ಓದುವುದು ಹೇಗೆ?

ಸಂಘದ ಗುಮಾಸ್ತೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಸಹಕಾರ ಸಂಘದಲ್ಲಿ ಗುಮಾಸ್ತೆ. ಸದಸ್ಯರೆಲ್ಲ ಅಡಿಕೆ ಬೆಳೆಗಾರರು. ಸಂಘಕ್ಕೆ ಇರುವುದು ಒಂದೇ ಕಂಪ್ಯೂಟರ್. ವಿಂಡೋಸ್ 10, ಆಫೀಸ್ 2016. ಅದರಲ್ಲಿ ಎರಡು ಲಾಗಿನ್. ಒಂದು ನನ್ನದು, ಇನ್ನೊಂದು ನಮ್ಮ ಹಿರಿಯ ಗುಮಾಸ್ತರದು. ರಶೀದಿ, ಸದಸ್ಯರ ಖಾತೆ, ಗೋದಾಮಿನ ಸ್ಟಾಕು ಎಲ್ಲ ನನ್ನ ಲಾಗಿನ್‌ನಲ್ಲಿದೆ. ಸಂಘದ ಇಮೇಲ್ ಮಾತ್ರ ಅವರ ಲಾಗಿನ್‌ನ ಔಟ್‌ಲುಕ್‌ನಲ್ಲಿದೆ. ಮೊದಲಿನಿಂದಲೂ ಹಾಗೇ ನಡೆದುಬಂದಿದೆ.

ಈಗ ಅವರು ಮಗಳ ಬಾಣಂತನಕ್ಕೆ ಅಂತ ಮಂಗಳೂರಿಗೆ ಹೋಗಿದ್ದಾರೆ. ಹೋದ ಮಾರನೇ ದಿನವೇ ಮರ ಬಿದ್ದು ಇಂಟರ್ನೆಟ್ ಕೇಬಲ್ ಹರಿಯಿತು. ಇವತ್ತಿಗೆ ಐದು ದಿನ. ಪುನರ್ವಸು ಮಳೆ ಬಿಟ್ಟೂಬಿಡದೆ ಹೊಡೆಯುತ್ತಿದೆ, ರಿಪೇರಿಗೆ ಯಾರೂ ಬಂದಿಲ್ಲ. ಸಂಘದ ಕಟ್ಟಡದಲ್ಲಿ ಮೊಬೈಲ್ ಸಿಗ್ನಲ್ಲೂ ಇಲ್ಲ. ಇದನ್ನು ಮನೆಗೆ ಬಂದು, ಅಂಗಳದ ಮೂಲೆಯಲ್ಲಿ ಸಿಗುವ ಒಂದು ಕಡ್ಡಿಯಲ್ಲಿ ಫೋನಿನಿಂದ ಬರೆಯುತ್ತಿದ್ದೇನೆ.

ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಯುವ ಹೊತ್ತು ಇದು. ಮೊದಲನೇದು ಮಳೆ ಹಿಡಿಯುವ ಮುಂಚೆ ಆಗಿದೆ. ಅದಾಗಿ 40-45 ದಿನಕ್ಕೆ ಎರಡನೇದು ಬೀಳಲೇಬೇಕು, ಇಲ್ಲದಿದ್ದರೆ ಕೊಳೆರೋಗ ಹಿಡಿಯುತ್ತದೆ. ಆ ಔಷಧಿಗೆ ಬೇಕಾದ ಮೈಲುತುತ್ತದ ಸ್ಟಾಕು ಮುಗಿಯುತ್ತಾ ಬಂದಿದೆ. ಸರಬರಾಜು ಮಾಡುವವರಿಗೆ ಫೋನ್ ಮಾಡಿದರೆ ದರ ಏರಿದೆ ಅನ್ನುತ್ತಾರೆ. ನಮ್ಮ ಹಿರಿಯರು ಹೇಳುವುದು, ಎರಡೂ ಹೊಡೆತಕ್ಕೆ ಒಂದೇ ದರ ಅಂತ ಜೂನ್‌ನಲ್ಲೇ ಮೇಲ್‌ನಲ್ಲಿ ಬರೆದುಕೊಟ್ಟಿದ್ದಾರೆ ಅಂತ. ಆ ಮೇಲ್ ತೋರಿಸಿ ಅಂತ ಸರಬರಾಜಿನವರು, ತೋರಿಸಲು ನನ್ನ ಹತ್ತಿರ ಇಲ್ಲ. ಫೋನಿನಲ್ಲಿ ಮೇಲ್ ತೆರೆಯೋಣ ಅಂದರೆ ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ವರ್ಷಗಳ ಹಿಂದೆ ಅಂಗಡಿಯ ಹುಡುಗ ಹಾಕಿಕೊಟ್ಟು ಹೋದದ್ದು, ಔಟ್‌ಲುಕ್ ಒಳಗೇ ಉಳಿದಿದೆ.

ನಾನು ಇಷ್ಟು ಮಾಡಿ ನೋಡಿದೆ. ನನ್ನ ಲಾಗಿನ್‌ನಲ್ಲಿ ಔಟ್‌ಲುಕ್ ತೆರೆದರೆ ಹೊಸ ಅಕೌಂಟ್ ಸೇರಿಸಿ ಅನ್ನುತ್ತದೆ, ಅದಕ್ಕೆ ನೆಟ್ ಬೇಕು. ಹಿರಿಯರ ಒಪ್ಪಿಗೆ ಕೇಳಿ ಸಿ ಡ್ರೈವ್‌ನಲ್ಲಿ ಅವರ ಹೆಸರಿನ ಫೋಲ್ಡರ್‌ಗೆ ಹೋದೆ. ಅನುಮತಿ ಇಲ್ಲ ಅಂತ ಬಂತು, ಕೆಳಗೆ 'ಕಂಟಿನ್ಯೂ' ಅಂತಿತ್ತು, ಒತ್ತಿದೆ, ತೆರೆಯಿತು. ಒಳಗೆ ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ಔಟ್‌ಲುಕ್ ಅಂತ ಇಳಿಯುತ್ತಾ ಹೋದರೆ ಸಂಘದ ಮೇಲ್ ವಿಳಾಸದ ಹೆಸರಿನಲ್ಲೇ ಒಂದು ಫೈಲ್ ಸಿಕ್ಕಿತು. ಕೊನೆಯಲ್ಲಿ ಓಎಸ್‌ಟಿ ಅಂತಿದೆ, 6.3 ಜಿಬಿ. ಪೆನ್‌ಡ್ರೈವ್‌ಗೆ ಹಾಕಿದರೆ ಫೈಲ್ ತುಂಬಾ ದೊಡ್ಡದು ಅಂದಿತು, 16 ಜಿಬಿ ಪೂರ್ತಿ ಖಾಲಿ ಇದ್ದರೂ. ನನ್ನ ಡಾಕ್ಯುಮೆಂಟ್ಸ್‌ಗೇ ಕಾಪಿ ಮಾಡಿದೆ. ಆದರೆ ಔಟ್‌ಲುಕ್ ಅದನ್ನು ತೆರೆಯುವುದಿಲ್ಲ.

ಮೇಲ್ ಅಲ್ಲೇ ಇದೆ ಅಂತ ಕಣ್ಣಿಗೆ ಕಾಣುತ್ತಿದೆ, ಓದಲು ಆಗುತ್ತಿಲ್ಲ. ನೆಟ್ ಇಲ್ಲದೆ, ನನ್ನ ಲಾಗಿನ್‌ನಿಂದ ಇದಕ್ಕೆ ದಾರಿ ಇದೆಯಾ?

ಸಾಗರದ ಹುಡುಗ:

ಫೈಲ್ ಹೆಸರಿನ ಕೊನೆಯಲ್ಲಿ ಓಎಸ್‌ಟಿ ಇರುವುದನ್ನು ಅಳಿಸಿ ಪಿಎಸ್‌ಟಿ ಅಂತ ಮಾಡಿ ನೋಡಿ ಅಕ್ಕ. ಅದೂ ಆಗದಿದ್ದರೆ ಓಎಸ್‌ಟಿಯನ್ನು ಪಿಎಸ್‌ಟಿ ಮಾಡಿಕೊಡುವ ಸಾಫ್ಟ್‌ವೇರ್‌ಗಳು ಬೇಕಾದಷ್ಟು ಸಿಗುತ್ತವೆ. ಯಾವುದಾದರೂ ಒಂದನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡು ಹೋಗಿ.

ಸಂಘದ ಗುಮಾಸ್ತೆ:

ಹೆಸರು ಬದಲಿಸಿದ್ದು ಆಯಿತು ತಮ್ಮಾ. ಇದು ಔಟ್‌ಲುಕ್ ಡೇಟಾ ಫೈಲ್ ಅಲ್ಲ ಅಂತ ಬರುತ್ತದೆ. ಗೊತ್ತಿಲ್ಲದ ಸಾಫ್ಟ್‌ವೇರ್ ಹಾಕಲು ಮನಸ್ಸಿಲ್ಲ. ಸದಸ್ಯರ ಸಾಲದ ಖಾತೆ ಇರುವುದೂ ಇದೇ ಕಂಪ್ಯೂಟರ್‌ನಲ್ಲಿ.

ಬೆಂಗಳೂರು ಹೆಲ್ಪ್‌ಡೆಸ್ಕ್:

ಸಾಫ್ಟ್‌ವೇರ್ ಹಾಕದೆ ಇದ್ದದ್ದು ಒಳ್ಳೆಯದಾಯಿತು ಮೇಡಂ. ಅಂಥವು ಬಹಳಷ್ಟು ಮೊದಲ ಕೆಲವು ಮೇಲ್ ತೋರಿಸಿ ಮಿಕ್ಕಿದ್ದಕ್ಕೆ ದುಡ್ಡು ಕೇಳುತ್ತವೆ. ದುಡ್ಡು ಹಾಗಿರಲಿ, ಸಂಘದ ಅಷ್ಟೂ ಪತ್ರವನ್ನು ಗುರುತಿಲ್ಲದವರ ಕೈಗೆ ಕೊಟ್ಟಂತೆ. ನಾನು 11 ವರ್ಷದಿಂದ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನಿಮ್ಮದು ನೆಟ್ ಇಲ್ಲದೆಯೇ ಆಗುವ ಕೆಲಸ.

ಮೊದಲು ಆ ಫೈಲ್ ಯಾಕೆ ತೆರೆಯುವುದಿಲ್ಲ ಅನ್ನುವುದು ಗೊತ್ತಿರಲಿ. ಓಎಸ್‌ಟಿ ಅಂದರೆ ಸರ್ವರ್‌ನಲ್ಲಿ, ಅಂದರೆ ಮೇಲ್ ಕಂಪನಿಯ ಕಂಪ್ಯೂಟರ್‌ನಲ್ಲಿ, ಇರುವ ಮೇಲ್‌ನ ಒಂದು ನಕಲು. ನೆಟ್ ಹೋದರೂ ಓದಲು ಆಗಲಿ ಅಂತ ಔಟ್‌ಲುಕ್ ಇಟ್ಟುಕೊಂಡಿರುತ್ತದೆ. ಆದರೆ ಆ ನಕಲು, ಅದನ್ನು ಹುಟ್ಟಿಸಿದ ಅಕೌಂಟ್‌ಗೆ ಮತ್ತು ಆ ಲಾಗಿನ್‌ನ ಔಟ್‌ಲುಕ್ ಪ್ರೊಫೈಲ್‌ಗೆ (ಯಾವ ಅಕೌಂಟ್, ಯಾವ ಫೈಲ್ ಅಂತ ಔಟ್‌ಲುಕ್ ಬರೆದಿಟ್ಟುಕೊಳ್ಳುವ ಪಟ್ಟಿ) ಕಟ್ಟಿಹಾಕಿದ್ದು. ಬೇರೆ ಲಾಗಿನ್‌ಗೆ ಒಯ್ದರೆ ಅಲ್ಲಿಯ ಔಟ್‌ಲುಕ್ ಅದನ್ನು ಒಪ್ಪುವುದಿಲ್ಲ. ಪಿಎಸ್‌ಟಿ ಹಾಗಲ್ಲ. ಅದು ಸ್ವತಂತ್ರ ಪೆಟ್ಟಿಗೆ, ಎಲ್ಲಿ ಇಟ್ಟರೂ ಯಾರು ಬೇಕಾದರೂ ತೆರೆಯಬಹುದು. ಹೊರಗಿನ ಹೆಸರು ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ, ಅಲ್ವಾ? ಅದಕ್ಕೇ ಆ ಎರರ್ ಬಂದದ್ದು.

ಹಾಗಾಗಿ ಪೆಟ್ಟಿಗೆ ತುಂಬುವ ಕೆಲಸ ಅವರ ಲಾಗಿನ್‌ನಲ್ಲೇ ಆಗಬೇಕು. ಅವರ ಲಾಗಿನ್‌ಗೆ ಹೋಗಿ ಔಟ್‌ಲುಕ್ ತೆರೆಯಿರಿ. ನೆಟ್ ಇಲ್ಲದಿದ್ದರೂ ಈವರೆಗೆ ಇಳಿದ ಮೇಲ್ ಎಲ್ಲ ಕಾಣುತ್ತದೆ. ಪಾಸ್‌ವರ್ಡ್ ಕೇಳುವ ಕಿಟಕಿ ಬಂದರೆ ಕ್ಯಾನ್ಸಲ್ ಒತ್ತಿ. ನಿಮಗೆ ಬೇಕಾದ ಜೂನ್ ಮೇಲ್ ತೆರೆದು, ಅದರ ಅಟ್ಯಾಚ್‌ಮೆಂಟ್ ಕೂಡ ತೆರೆಯುತ್ತದಾ ಅಂತ ಅಲ್ಲೇ ನೋಡಿಕೊಳ್ಳಿ. ಕೆಲವು ಕಡೆ ವಿಷಯದ ಸಾಲು ಮಾತ್ರ ಇಳಿಯುವ ಹಾಗೆ ಇಟ್ಟಿರುತ್ತಾರೆ. ಹಾಗಿದ್ದರೆ ಒಳಗಿನ ಪತ್ರ ಇಳಿದೇ ಇರುವುದಿಲ್ಲ, ಆಗ ನೆಟ್ ಬರುವವರೆಗೆ ಕಾಯದೆ ದಾರಿಯಿಲ್ಲ. ಆದರೆ ಫೈಲ್ 6.3 ಜಿಬಿ ಇದೆ ಅಂದರೆ ಪೂರ್ತಿ ಇಳಿದಿರುವ ಸಂಭವವೇ ಜಾಸ್ತಿ.

ಆಮೇಲೆ ಫೈಲ್ ಮೆನುವಿನಲ್ಲಿ 'ಓಪನ್ ಆಂಡ್ ಎಕ್ಸ್‌ಪೋರ್ಟ್', ಅದರಲ್ಲಿ 'ಇಂಪೋರ್ಟ್/ಎಕ್ಸ್‌ಪೋರ್ಟ್'. 'ಎಕ್ಸ್‌ಪೋರ್ಟ್ ಟು ಎ ಫೈಲ್' ಆರಿಸಿ, ಮುಂದೆ 'ಔಟ್‌ಲುಕ್ ಡೇಟಾ ಫೈಲ್' ಆರಿಸಿ. ಯಾವ ಫೋಲ್ಡರ್ ಅಂತ ಕೇಳುತ್ತದೆ. ಇಲ್ಲಿ ಪೂರ್ತಿ ಮೇಲ್‌ಬಾಕ್ಸ್ ಆರಿಸಬೇಡಿ, ಬೇಕಾದ ಫೋಲ್ಡರ್ ಒಂದೇ ಸಾಕು. ಅಲ್ಲೇ 'ಫಿಲ್ಟರ್' ಅಂತ ಗುಂಡಿ ಇದೆ, ಕಳಿಸಿದವರ ವಿಳಾಸ ಹಾಕಿದರೆ ಅವರ ಮೇಲ್ ಮಾತ್ರ ಬರುತ್ತದೆ. ಮಳೆಗಾಲದ ಕರೆಂಟು ಹೇಳಲಾಗದು. 6 ಜಿಬಿ ಹೋಗುತ್ತಿರುವಾಗ ಯುಪಿಎಸ್ ಕೈಕೊಟ್ಟರೆ ಅರ್ಧ ತುಂಬಿದ ಪೆಟ್ಟಿಗೆ ಕೆಟ್ಟುಹೋಗಬಹುದು. ಒಂದು ಫೋಲ್ಡರ್ ಆದರೆ ಬೇಗ ಮುಗಿಯುತ್ತದೆ.

ಎಲ್ಲಿಗೆ ಸೇವ್ ಮಾಡುವುದು ಅನ್ನುವುದು ಮುಖ್ಯ. ಅವರ ಡಾಕ್ಯುಮೆಂಟ್ಸ್‌ಗೆ ಬೇಡ. ಸಿ ಡ್ರೈವ್, ಯೂಸರ್ಸ್, ಪಬ್ಲಿಕ್, ಅದರೊಳಗೆ ಪಬ್ಲಿಕ್ ಡಾಕ್ಯುಮೆಂಟ್ಸ್ ಅಂತಿದೆ. ಅದು ಎಲ್ಲ ಲಾಗಿನ್‌ಗೂ ಸೇರಿದ ಜಗಲಿ ಇದ್ದ ಹಾಗೆ. ನೇರ ಅಲ್ಲಿಗೇ ಸೇವ್ ಮಾಡಿ. ಪಿಎಸ್‌ಟಿಗೆ ಪಾಸ್‌ವರ್ಡ್ ಕೇಳುತ್ತದೆ, ಖಾಲಿ ಬಿಟ್ಟರೂ ನಡೆಯುತ್ತದೆ.

ಮುಗಿದ ಮೇಲೆ ಔಟ್‌ಲುಕ್ ಮುಚ್ಚಿ, ಸೈನ್ ಔಟ್ ಮಾಡಿ. 'ಸ್ವಿಚ್ ಯೂಸರ್' ಬೇಡ. ಹಾಗೆ ಮಾಡಿದರೆ ಅವರ ಔಟ್‌ಲುಕ್ ಹಿಂದೆ ಓಡುತ್ತಲೇ ಇರಬಹುದು, ಒಂದು ಪಿಎಸ್‌ಟಿಯನ್ನು ಎರಡು ಕಡೆ ಒಟ್ಟಿಗೆ ತೆರೆಯಲು ಆಗುವುದಿಲ್ಲ.

ಪೆನ್‌ಡ್ರೈವ್ ವಿಷಯ: ಅದು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದೆ ಅನಿಸುತ್ತದೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಒಂದನ್ನು ಇಡಲು ಬರುವುದಿಲ್ಲ, ಜಾಗ ಎಷ್ಟೇ ಇದ್ದರೂ.

ಇನ್ನೊಂದು. ನೀವು 'ಕಂಟಿನ್ಯೂ' ಒತ್ತಿದಿರಲ್ಲ, ಅದು ಆ ಒಂದು ಸಲಕ್ಕೆ ಮಾತ್ರ ಅಲ್ಲ. ಅವರ ಫೋಲ್ಡರ್‌ಗೆ ನಿಮ್ಮ ಲಾಗಿನ್‌ಗೆ ಕಾಯಂ ಅನುಮತಿ ಕೊಟ್ಟಂತಾಗಿದೆ. ಅವರು ಬಂದ ಮೇಲೆ ಹೇಳಿ. ಫೋಲ್ಡರ್‌ನ ಪ್ರಾಪರ್ಟೀಸ್, ಸೆಕ್ಯುರಿಟಿಯಲ್ಲಿ ನಿಮ್ಮ ಹೆಸರು ತೆಗೆಯಬಹುದು.

ಸಂಘದ ಗುಮಾಸ್ತೆ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ ಸರ್. ಆ ಕಾಯಂ ಅನುಮತಿ ವಿಷಯ ಓದಿ ಸಂಕಟ ಆಯಿತು. ಅವರು ನನಗೆ ಕೆಲಸ ಕಲಿಸಿದವರು. ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಬರೆಯಲು ಕೈಹಿಡಿದು ತೋರಿಸಿಕೊಟ್ಟವರು. ಅವರ ಫೋಲ್ಡರ್‌ನಲ್ಲಿ ಮನೆಯ ಫೋಟೋಗಳೂ ಇವೆ, ಅದು ನನಗೆ ಕಾಣಬಾರದು. ಇವತ್ತೇ ಫೋನ್‌ನಲ್ಲಿ ಹೇಳಿಬಿಡುತ್ತೇನೆ. ನನ್ನ ಡಾಕ್ಯುಮೆಂಟ್ಸ್‌ನಲ್ಲಿರುವ ಆ 6.3 ಜಿಬಿ ಕಾಪಿಯನ್ನೂ ಅಳಿಸುತ್ತೇನೆ.

ಅವರ ಲಾಗಿನ್ ಪಾಸ್‌ವರ್ಡ್ ಫೋನ್‌ನಲ್ಲೇ ಹೇಳುತ್ತೇನೆ ಅಂತ ಅವರೇ ಅಂದರು. ನನಗೆ ಕೇಳಲು ಹಿಂಜರಿಕೆ. ನನ್ನದು ಅಡ್ಮಿನ್ ಲಾಗಿನ್. ಕೇಳದೆಯೇ, ಕಂಟ್ರೋಲ್ ಪ್ಯಾನೆಲ್‌ನಿಂದ ಅವರ ಪಾಸ್‌ವರ್ಡ್ ಬದಲಿಸಿ ಒಳಗೆ ಹೋದರೆ ಒಳ್ಳೆಯದಾ?

ಬೆಂಗಳೂರು ಹೆಲ್ಪ್‌ಡೆಸ್ಕ್:

ಬೇಡವೇ ಬೇಡ ಮೇಡಂ. ಇದೊಂದನ್ನು ಮಾತ್ರ ಮಾಡಬೇಡಿ.

ಅಡ್ಮಿನ್ ಆದವರು ಇನ್ನೊಬ್ಬರ ಪಾಸ್‌ವರ್ಡ್ ಬದಲಿಸಿದರೆ, ಆ ಲಾಗಿನ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಕೈಬಿಟ್ಟು ಹೋಗುತ್ತವೆ. ಬದಲಿಸುವ ಮುಂಚೆ ವಿಂಡೋಸೇ ಹಾಗಂತ ಎಚ್ಚರಿಸುತ್ತದೆ. ನಿಮ್ಮ ಮೇಲ್ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಔಟ್‌ಲುಕ್ ಒಳಗೇ ಇದೆ ಅಂದಿರಲ್ಲ. ಅದೂ ಹೋಯಿತು ಅಂತ ಇಟ್ಟುಕೊಳ್ಳಿ. ನೆಟ್ ಬಂದ ದಿನ ಹೊಸ ಮೇಲ್ ಬರುವುದೇ ನಿಲ್ಲುತ್ತದೆ.

ಅವರೇ ಹೇಳುತ್ತೇನೆ ಅಂದಿದ್ದಾರೆ, ಕೇಳಿಕೊಳ್ಳಿ. ಅವರು ಬಂದ ಮೇಲೆ ತಾವೇ ಹಳೇ ಪಾಸ್‌ವರ್ಡ್ ಹಾಕಿ ಹೊಸದಕ್ಕೆ ಬದಲಿಸಲಿ. ಹಾಗೆ ಮಾಡಿದರೆ ಉಳಿಸಿಟ್ಟದ್ದೇನೂ ಹೋಗುವುದಿಲ್ಲ.

ನಿವೃತ್ತ ಪೋಸ್ಟ್‌ಮಾಸ್ಟರ್, ಪುತ್ತೂರು:

ತಂಗೀ, ನಡುವೆ ಬಾಯಿ ಹಾಕುತ್ತೇನೆ. ನಿಮಗೆ ತುರ್ತಾಗಿ ಬೇಕಾದದ್ದು ಒಂದೇ ಪತ್ರ ತಾನೇ? ಅಷ್ಟಕ್ಕೆ ಪಿಎಸ್‌ಟಿ ಕೂಡ ಬೇಕಿಲ್ಲ. ಅವರ ಲಾಗಿನ್‌ನಲ್ಲಿ ಆ ಮೇಲ್ ಹಿಡಿದು ಪಬ್ಲಿಕ್ ಡಾಕ್ಯುಮೆಂಟ್ಸ್ ಫೋಲ್ಡರ್‌ಗೆ ಎಳೆದು ಬಿಡಿ. ಲಕೋಟೆಯ ಚಿತ್ರದ ಒಂದು ಫೈಲ್ ಆಗುತ್ತದೆ. ಅಟ್ಯಾಚ್‌ಮೆಂಟ್ ಅದರ ಹೊಟ್ಟೆಯಲ್ಲೇ ಇರುತ್ತದೆ. ನಿಮ್ಮ ಲಾಗಿನ್‌ಗೆ ಬಂದು ಎರಡು ಸಲ ಒತ್ತಿದರೆ ಔಟ್‌ಲುಕ್‌ನಲ್ಲಿ ತೆರೆಯುತ್ತದೆ, ಯಾವ ದಿನ, ಯಾರಿಂದ, ಯಾರಿಗೆ ಎಲ್ಲ ಕಾಣುತ್ತದೆ. ಒಂದು ಪ್ರಿಂಟೂ ತೆಗೆದುಕೊಳ್ಳಿ.

ಇನ್ನೊಂದು ಮಾತು. ಅವರ ಲಾಗಿನ್‌ಗೆ ಹೋಗುವ ಹೊತ್ತಿಗೆ ನಿಮ್ಮ ಕಾರ್ಯದರ್ಶಿಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಂಚೆ ಕಚೇರಿಯಲ್ಲಿ ಇನ್ನೊಬ್ಬರ ಚೀಲ ಬಿಚ್ಚುವಾಗ ಒಬ್ಬರೇ ಬಿಚ್ಚುತ್ತಿರಲಿಲ್ಲ. ನಿಮ್ಮ ಮೇಲೆ ಅನುಮಾನ ಅಂತಲ್ಲ. ನಾಳೆ ಯಾರಾದರೂ ಏನಾದರೂ ಅಂದರೆ ನಿಮಗೂ ಅವರಿಗೂ ಒಬ್ಬ ಸಾಕ್ಷಿ ಇರಲಿ ಅಂತ.

ಸಂಘದ ಗುಮಾಸ್ತೆ:

ಆಯಿತು! ಎಲ್ಲರಿಗೂ ಹೇಳಲೇಬೇಕು ಅಂತ ಮನೆಗೆ ಬಂದವಳೇ ಅಂಗಳದ ಮೂಲೆಗೆ ಬಂದೆ.

ಬೆಳಿಗ್ಗೆ ಬರುವ ದಾರಿಯಲ್ಲಿ ಗುಡ್ಡದ ತಿರುವಿನಲ್ಲಿ ನಿಂತು ಹಿರಿಯರಿಗೆ ಫೋನ್ ಮಾಡಿದೆ. ಪಾಸ್‌ವರ್ಡ್ ಹೇಳಿದರು, ಬಸ್ ಟಿಕೆಟಿನ ಹಿಂದೆ ಬರೆದುಕೊಂಡೆ. ಫೋಲ್ಡರ್ ಅನುಮತಿ ವಿಷಯವನ್ನೂ ಹೇಳಿದೆ. "ಅದಕ್ಕೇನು, ನಾನು ಬಂದ ಮೇಲೆ ಇಬ್ಬರೂ ಕೂತು ಸರಿ ಮಾಡುವ" ಅಂದರು. ಕಾರ್ಯದರ್ಶಿಯವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಹೊರಗೆ ಒಬ್ಬ ಸದಸ್ಯರು ಮೈಲುತುತ್ತಕ್ಕೆ ಅಂತ ಒಂಬತ್ತೂವರೆಯಿಂದಲೇ ಬಂದು ಕೂತಿದ್ದರು. ಅವರ ಕಂಬಳಿಕೊಪ್ಪೆಯಿಂದ ನೀರು ತೊಟ್ಟಿಕ್ಕಿ ಜಗಲಿಯ ಮೇಲೆ ಒಂದು ಸಣ್ಣ ಹೊಂಡವೇ ಆಗಿತ್ತು.

ಔಟ್‌ಲುಕ್ ತೆರೆಯಿತು. ಕೆಳಗೆ 'ಡಿಸ್ಕನೆಕ್ಟೆಡ್' ಅಂತ ತೋರಿಸುತ್ತಿತ್ತು, ಆದರೂ ಮೇಲ್ ಎಲ್ಲ ಇತ್ತು. ಹಿರಿಯರು ಎಲ್ಲವನ್ನೂ ಫೋಲ್ಡರ್ ಮಾಡಿ ಇಟ್ಟಿದ್ದಾರೆ. 'ಔಷಧಿ ಸರಬರಾಜು' ಅಂತ ಕನ್ನಡದಲ್ಲೇ ಹೆಸರು. ಒಳಗೆ 214 ಮೇಲ್. ಜೂನ್ 4ರದ್ದು ಸಿಕ್ಕಿತು. ಅಟ್ಯಾಚ್‌ಮೆಂಟ್ ಕೂಡ ತೆರೆಯಿತು. ಜುಲೈ 31ರವರೆಗೆ ಅದೇ ದರ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಕಾರ್ಯದರ್ಶಿಯವರು ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದರು.

ಪೋಸ್ಟ್‌ಮಾಸ್ಟರ್ ಅಣ್ಣ ಹೇಳಿದ ಹಾಗೆ ಮೊದಲು ಆ ಮೇಲ್ ಎಳೆದು ಇಟ್ಟೆ. ಆಮೇಲೆ ಆ ಒಂದು ಫೋಲ್ಡರ್ ಮಾತ್ರ ಪಿಎಸ್‌ಟಿ ಮಾಡಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಸೈನ್ ಔಟ್ ಮಾಡಿ ನನ್ನ ಲಾಗಿನ್‌ಗೆ ಬಂದರೆ ಲಕೋಟೆಯ ಫೈಲ್ ಒತ್ತಿದ ತಕ್ಷಣ ಔಟ್‌ಲುಕ್ ಮತ್ತೆ ಅಕೌಂಟ್ ಸೇರಿಸಿ ಅಂತ ಹಠ ಹಿಡಿಯಿತು. ಸದ್ಯಕ್ಕೆ ಹಿರಿಯರ ಲಾಗಿನ್‌ನಿಂದಲೇ ಪ್ರಿಂಟ್ ತೆಗೆದುಕೊಂಡೆ. ಇದೊಂದು ಗಂಟು ಬಿಡಿಸಿಕೊಡಿ.

ಬೆಂಗಳೂರು ಹೆಲ್ಪ್‌ಡೆಸ್ಕ್:

ಅದನ್ನು ಮೊದಲೇ ಹೇಳಬೇಕಿತ್ತು, ಬಿಟ್ಟುಹೋಯಿತು. ನಿಮ್ಮ ಲಾಗಿನ್‌ನಲ್ಲಿ ಅಕೌಂಟ್ ಇಲ್ಲದ ಒಂದು ಪ್ರೊಫೈಲ್ ಬೇಕು. ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಮೇಲ್' ತೆರೆದು 'ಶೋ ಪ್ರೊಫೈಲ್ಸ್', 'ಆ್ಯಡ್' ಒತ್ತಿ, ಏನಾದರೂ ಹೆಸರು ಕೊಡಿ. ಅಕೌಂಟ್ ಸೇರಿಸುವ ಕಿಟಕಿ ಬಂದಾಗ ಕ್ಯಾನ್ಸಲ್ ಮಾಡಿ. ಇಮೇಲ್ ಅಕೌಂಟ್ ಇಲ್ಲದೆ ಪ್ರೊಫೈಲ್ ಮಾಡಲಾ ಅಂತ ಕೇಳುತ್ತದೆ, ಓಕೆ ಅನ್ನಿ. ಅದೇ ಪ್ರೊಫೈಲ್ ಯಾವಾಗಲೂ ತೆರೆಯುವ ಹಾಗೆ ಕೆಳಗೆ ಆರಿಸಿಡಿ. ಈಗ ಔಟ್‌ಲುಕ್ ಸುಮ್ಮನೆ ತೆರೆಯುತ್ತದೆ. ಆಮೇಲೆ ಫೈಲ್, 'ಓಪನ್ ಆಂಡ್ ಎಕ್ಸ್‌ಪೋರ್ಟ್', 'ಓಪನ್ ಔಟ್‌ಲುಕ್ ಡೇಟಾ ಫೈಲ್' ಅಂತ ಹೋಗಿ ಆ ಪಿಎಸ್‌ಟಿ ತೋರಿಸಿ. ಎಡಗಡೆ ಫೋಲ್ಡರ್ ಬಂದು ಕೂರುತ್ತದೆ.

ಒಂದು ನೆನಪಿರಲಿ. ಆ ಪೆಟ್ಟಿಗೆಗೆ ಹೊಸ ಮೇಲ್ ಬರುವುದಿಲ್ಲ. ತುಂಬಿದ ದಿನದವರೆಗಿನದು ಮಾತ್ರ.

ಧಾರವಾಡದಿಂದ:

ನಮ್ಮ ಕಾಲೇಜಿನ ಕಚೇರಿಯಲ್ಲಿ ಇದೇ ತಾಪತ್ರಯ ಪಟ್ಟವನು ನಾನು. ನೆಟ್ ಬಂದ ಮೇಲೆ ಕಾಯಂ ದಾರಿ ಮಾಡಿಕೊಳ್ಳಿರಿ. ಮೇಲ್ ಕಂಪನಿಯವರಿಂದ ಪಾಸ್‌ವರ್ಡ್ ಹೊಸದು ಮಾಡಿಸಿ, ಕಾರ್ಯದರ್ಶಿಯವರ ಬೀರುವಿನಲ್ಲಿ ಒಂದು ಲಕೋಟೆಯಲ್ಲಿ ಇಡ್ರಿ. ಆಮೇಲೆ ಎರಡೂ ಲಾಗಿನ್‌ನಲ್ಲಿ ಅದೇ ಅಕೌಂಟ್ ಹಾಕಿಕೊಳ್ಳಿರಿ. ಐಮ್ಯಾಪ್ ಅಂತಲೇ ಹಾಕಬೇಕು, ಅಂದರೆ ಮೇಲ್ ಸರ್ವರ್‌ನಲ್ಲೇ ಉಳಿದು ನಕಲು ಮಾತ್ರ ಇಳಿಯುವ ವಿಧಾನ. ಆಗ ಇಬ್ಬರ ಲಾಗಿನ್‌ನಲ್ಲೂ ಬೇರೆ ಬೇರೆ ನಕಲು ಇರುತ್ತದೆ. ನೆಟ್ ಹೋದರೆ ಇಬ್ಬರೂ ಓದಬಹುದು. ಡಿಸ್ಕ್‌ನಲ್ಲಿ ಜಾಗ ಎರಡರಷ್ಟು ಹಿಡಿಯುತ್ತದೆ, ಅಷ್ಟೇ.

ಪಾಪ್ ಅನ್ನುವ ಇನ್ನೊಂದು ವಿಧಾನ ಹಾಕೀರಿ, ಜೋಕೆ. ಸರ್ವರ್‌ನಲ್ಲಿ ಪ್ರತಿ ಬಿಡು ಅನ್ನುವ ಗುರುತು ಹಾಕದಿದ್ದರೆ ಮೇಲ್ ಒಂದು ಲಾಗಿನ್‌ಗೆ ಇಳಿದು ಸರ್ವರ್‌ನಿಂದ ಅಳಿಸಿಹೋಗುತ್ತದೆ, ಇನ್ನೊಬ್ಬರಿಗೆ ಏನೂ ಸಿಗುವುದಿಲ್ಲ. ನಮ್ಮಲ್ಲಿ ಒಂದು ಪರೀಕ್ಷೆಯ ಸುತ್ತೋಲೆ ಹೀಗೇ ಹೋಗಿ ಎರಡು ದಿನ ಹುಡುಕಿದೆವು. ಐಮ್ಯಾಪ್‌ನಲ್ಲೂ ಒಬ್ಬರು ಅಳಿಸಿದ್ದು ಇಬ್ಬರಿಗೂ ಅಳಿಯುತ್ತದೆ. ಅದನ್ನು ಮೊದಲೇ ಮಾತಾಡಿಕೊಳ್ಳಿರಿ.

ಜಿಮೇಲ್ ಇರುವವರಿಗೂ ಹೇಳಿಬಿಡುತ್ತೇನೆ. ಕ್ರೋಮ್‌ನಲ್ಲಿ ಜಿಮೇಲ್ ಸೆಟ್ಟಿಂಗ್ಸ್ ಒಳಗೆ 'ಆಫ್‌ಲೈನ್' ಇದೆ. 7, 30 ಇಲ್ಲವೇ 90 ದಿನದ ಮೇಲ್ ಇಟ್ಟುಕೊಳ್ಳುತ್ತದೆ. ಅದು ಆ ಲಾಗಿನ್‌ನ ಕ್ರೋಮ್‌ಗೆ ಮಾತ್ರ. ಇನ್ನೊಂದು ಲಾಗಿನ್‌ನಲ್ಲಿ ಬೇಕಾದರೆ ನೆಟ್ ಇರುವಾಗಲೇ ಅಲ್ಲೂ ಹಾಕಿಡಬೇಕು.

ಸಂಘದ ಗುಮಾಸ್ತೆ:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಮೈಲುತುತ್ತ ಬಂತು. ಪ್ರಿಂಟ್ ನೋಡಿದ ಮೇಲೆ ಸರಬರಾಜಿನವರು ಹಳೇ ದರಕ್ಕೇ ಕೊಟ್ಟರು. ನಡುವೆ ಎರಡು ದಿನ ಮಳೆ ಹೊಳವಾಗಿತ್ತು, ಬಹಳ ಸದಸ್ಯರು ಆ ಎರಡು ದಿನದಲ್ಲೇ ಔಷಧಿ ಹೊಡೆದು ಮುಗಿಸಿದರು.

ಅಕೌಂಟ್ ಇಲ್ಲದ ಪ್ರೊಫೈಲ್ ಮಾಡಿ ಪಿಎಸ್‌ಟಿ ತೆರೆದೆ. ನೆಟ್ ಬರುವವರೆಗೆ ಮತ್ತೆ ಮೂರು ದಿನ ಅದರಲ್ಲೇ ಕೆಲಸ ನಡೆಯಿತು.

ಸೋಮವಾರ ಹಿರಿಯರು ಬಂದರು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಲಾಡು ಡಬ್ಬಿ ಮೇಜಿನ ಮೇಲಿಟ್ಟು, ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಮೊದಲು ತಮ್ಮ ಪಾಸ್‌ವರ್ಡ್ ಬದಲಿಸಿದರು. ಆಮೇಲೆ ಸೆಕ್ಯುರಿಟಿಯಲ್ಲಿ ನನ್ನ ಹೆಸರು ತೆಗೆದೆವು. ಮೇಲ್ ಕಂಪನಿಗೆ ಫೋನ್ ಮಾಡಿ ಹೊಸ ಪಾಸ್‌ವರ್ಡ್ ಮಾಡಿಸಿದ್ದಾಯಿತು, ಲಕೋಟೆ ಬೀರುವಿನಲ್ಲಿದೆ. ನನ್ನ ಲಾಗಿನ್‌ನಲ್ಲಿ ಐಮ್ಯಾಪ್ ಹಾಕಿ ಹನ್ನೊಂದು ಗಂಟೆಗೆ ಶುರು ಮಾಡಿದ್ದು, ಮೇಲ್ ಎಲ್ಲ ಇಳಿಯುವಾಗ ಮಧ್ಯಾಹ್ನದ ಊಟ ಮುಗಿದಿತ್ತು. ಕೊನೆಗೆ ಅವರು ನೆಟ್ ವೈರ್ ಕಿತ್ತು, "ಈಗ ತೆಗಿ ನೋಡುವ" ಅಂದರು. ಜೂನ್ 4ರ ಮೇಲ್ ನನ್ನ ಲಾಗಿನ್‌ನಲ್ಲೇ ತೆರೆಯಿತು.